ಎಣಿಕೆ ನಿಂತ ಮೇಲೆ

ನೆಲದ ಮೇಲಾದರೆ ಅದಕ್ಕೆ ನಲವತ್ತು ಸೆಕೆಂಡು ಬೇಕು.
ಮೊದಲು ಪುಟ್ಟ ಮೋಟಾರು ಕಿವಿ ಹಿಂಡಿ ಎಬ್ಬಿಸಬೇಕು,
ತಂತಿ ಕೆಂಪಾಗಬೇಕು, ಸೀಮೆಎಣ್ಣೆ
ಹನಿಹನಿಯಾಗಿ ಇಳಿಯಬೇಕು,
ಆಮೇಲೆ ಎಲ್ಲೋ ಒಳಗೆ,
ಗಂಟಲು ಸರಿಮಾಡಿಕೊಂಡ ಹಾಗೆ,
ಬೆಂಕಿ.
ಅಷ್ಟರಲ್ಲಿ ಒಂದು ಸಿಗರೇಟು ಹಚ್ಚಬಹುದು
ಅನ್ನುತ್ತಾನೆ ವ್ಲಾಸ್ತಿಮಿಲ್. ಹಚ್ಚುವುದಿಲ್ಲ.

ಮೇಲೆ ಅಷ್ಟು ಪುರುಸೊತ್ತು ಯಾರಿಗಿದೆ?
ಹನ್ನೆರಡು ಕಿಲೋ ತೂಕ, ಗೇಣಗಲದ ರೆಕ್ಕೆ;
ಎಂಜಿನ್ ಆರಿದರೆ ಅದು ಬಣ್ಣ ಬಳಿದ ಇಟ್ಟಿಗೆ.
ಇನ್ನೂರು ಮೀಟರಿನಿಂದ ನೆಲಕ್ಕೆ
ಇಪ್ಪತ್ತು ಎಣಿಸುವಷ್ಟೇ ದಾರಿ.

ಚಳಿಗಾಲವಿಡೀ ಈ ಲೆಕ್ಕವನ್ನೇ ತಿದ್ದಿದ.
ಜ್ನೊಯ್ಮೊ ಊರಾಚೆ, ಮಾವನ ವೈನಿನ ನೆಲಮಾಳಿಗೆಯ
ಬಾಗಿಲು ಹಾರುಹೊಡೆದು,
ಹೊಸ್ತಿಲಿಗೆ ಎಂಜಿನ್ನನ್ನು ಕಟ್ಟಿಹಾಕಿ,
ಮುಂದೆ ಎಲೆ ಹಾರಿಸುವ ಬ್ಲೋವರ್ ಇಟ್ಟು
(ಅದೇ ಅವನ ಆಕಾಶ)
ಉರಿಸಿದ, ಆರಿಸಿದ, ಉರಿಸಿದ.
ಆ ವರ್ಷದ ಪೀಪಾಯಿಗೆಲ್ಲ ಸೀಮೆಎಣ್ಣೆಯ ವಾಸನೆಯೆಂದು
ಮಾವ ಇವತ್ತಿಗೂ ಮಾತು ಬಿಟ್ಟಿದ್ದಾನೆ.

ಆರಿದ್ದು ಪೂರ್ತಿ ಆರಿರುವುದಿಲ್ಲ, ಇಷ್ಟೇ ಅವನ ವಾದ.
ಒಳಗೋಡೆ ಇನ್ನೂ ಸುಡುತ್ತಿದೆ,
ನುಗ್ಗುವ ಗಾಳಿಯೇ ಚಕ್ರ ತಿರುಗಿಸುತ್ತಿದೆ,
ಮತ್ತೆ ಮೊದಲಿನಿಂದ ಯಾಕೆ? ನಡುವಿನಿಂದ ಹಿಡಿ.
ಬೂದಿಯಡಿ ಕೆಂಡವಿರುವಾಗ
ಯಾರು ಬೆಂಕಿಪೊಟ್ಟಣ ಹುಡುಕುತ್ತಾರೆ?
ಬೊಜೆನಾ, ಅವನ ಹೆಂಡತಿ, ಸೂಜಿಗೆ ದಾರ ಪೋಣಿಸುತ್ತಾ ಅಂದಳು:
ಈಗಷ್ಟೇ ಅಳು ನಿಲ್ಲಿಸಿದ ಮಗು
ಮತ್ತೆ ಅಳಲಿಕ್ಕೆ ಎಷ್ಟು ಹೊತ್ತು ಬೇಕು?
ನಲವತ್ತು ಇಪ್ಪತ್ತೆರಡಾಯಿತು, ಹದಿನಾಲ್ಕಾಯಿತು,
ಮಾರ್ಚಿಯಲ್ಲಿ ಒಂಬತ್ತು.

ಜೂನ್. ಹುಲ್ಲಿನ ರನ್‌ವೇ.
ಬೊಜೆನಾಳ ಕೈಯಲ್ಲಿ ಶಾಲೆಯ ಓಟದ ಪಂದ್ಯಗಳ ಹಳೇ ಸ್ಟಾಪ್‌ವಾಚು.
"ಈಗ" ಎಂದ. ತಾನೇ ಆರಿಸಿದ.
ಸದ್ದು ನಿಂತದ್ದೇ ಬಾನಾಡಿಯೊಂದು ಕೇಳಿಸಿತು,
ಇಷ್ಟು ಹೊತ್ತೂ ಹಾಡುತ್ತಲೇ ಇದ್ದಿರಬೇಕು.

ಯೆದ್ನಾ, ದ್ವಾ...
ಏಳಕ್ಕೆ ಬಿಳಿ ಹೊಗೆ. ಎಣ್ಣೆ ಇಳಿದಿದೆ, ಬೆಂಕಿ ಹಿಡಿದಿಲ್ಲ.
ಒಂಬತ್ತು ದಾಟಿತು. ಹನ್ನೊಂದು.
ಅವನ ಹೆಬ್ಬೆರಳು ಮಾತ್ರ ಅಲುಗಿತು: ಮೂಗು ಕೆಳಗೆ, ಇನ್ನೂ ಕೆಳಗೆ.
ಗಾಳಿ ಬೇಕಾದವನು ಎತ್ತರ ಮಾರಲೇಬೇಕು,
ಅದೂ ಕಡಿಮೆಯಿರುವಾಗಲೇ.
ಹದಿನೈದಕ್ಕೆ ವಿಮಾನ ಜವೆಗೋಧಿಯ ದಿಬ್ಬದಾಚೆ ಮರೆಯಾಯಿತು.
ಬೊಜೆನಾ ಹದಿನಾರನ್ನು ಬಾಯಲ್ಲೇ ಇಟ್ಟುಕೊಂಡಳು.

ತೆನೆಗಳು ಬಾಗಿದವು, ಎದ್ದವು.
ಹುಡುಗ ತೋಬಿಯಾಶ್ ಆಗಲೇ ವ್ಯಾನಿನ ಕಡೆ ತಿರುಗಿದ್ದ;
ಚೂರು ಆಯಲು ಅಲ್ಲೊಂದು ಚೀಲ ಸದಾ ಇರುತ್ತದೆ.

ಆಗ ದಿಬ್ಬದಾಚೆಯಿಂದ
ಸಣ್ಣಗೆ, ಸಿಟ್ಟಿಗೆದ್ದ ಶಿಳ್ಳೆ.

ಇಳಿಸಿದ ಮೇಲೆ ನೋಡಿದರೆ
ಹೊಟ್ಟೆಯಡಿಯ ಸಂದಿಯಲ್ಲಿ ಒಂದು ಹಸಿ ತೆನೆ.
ವ್ಲಾಸ್ತಿಮಿಲ್ ಅದನ್ನು ಬಿಡಿಸಲಿಲ್ಲ.
"ಎಷ್ಟಾಯಿತು?" ಎಂದು ಕೇಳಿದ.

ಬೊಜೆನಾ ಅಂಗೈ ಬಿಚ್ಚಿದಳು.
ಮುಳ್ಳು ಇನ್ನೂ ಓಡುತ್ತಲೇ ಇತ್ತು.