ಅರ್ಜಿ ಬರೆಯದ ರಜೆ

ತದಡಿಯಲ್ಲಿ ಇಳಿಯಬೇಕಿತ್ತು. ಇಳಿಯಲಿಲ್ಲ.
ಮೀನುಬುಟ್ಟಿಗಳು ಇಳಿದವು, ಸ್ಕೂಟರ್ ಇಳಿಯಿತು,
ಕಾಲೇಜು ಹುಡುಗಿಯರು ಚಪ್ಪಲಿ ಕೈಯಲ್ಲಿ ಹಿಡಿದು ಇಳಿದರು.
ದೇವು ಅಂಬಿಗ ಹಗ್ಗ ಬಿಗಿದು,
‘ಅಕ್ಕೋರೇ, ದಡ ಬಂತು’ ಅಂದ.
‘ಗೊತ್ತು’ ಅಂದೆ.

ಅಷ್ಟೇ.
ಐವತ್ತೊಂದು ವರ್ಷದಲ್ಲಿ ಇದಕ್ಕಿಂತ ದೊಡ್ಡ ಬಂಡಾಯ
ನನ್ನ ಕೈಯಲ್ಲಿ ಆದದ್ದಿಲ್ಲ.

ಹತ್ತಕ್ಕೆ ಅಕ್ಕಿ ಅಳೆದು ಕೊಡಬೇಕು,
ಮೊಟ್ಟೆ ತಿನ್ನುವವರದೊಂದು, ಚಿಕ್ಕಿ ತಿನ್ನುವವರದೊಂದು ಪಟ್ಟಿ.
ಮೈದುನನ ಸಾಲಕ್ಕೆ ನಾನು ಜಾಮೀನು,
ಸೊಸೈಟಿಯವರು ಅವನನ್ನು ಬಿಟ್ಟು ನನಗೇ ಫೋನು ಮಾಡುತ್ತಾರೆ.
ಸಂಜೆ ಆಯಿಯ ಕಾಲಿನ ಹುಣ್ಣಿಗೆ ಹೊಸ ಬಟ್ಟೆ ಕಟ್ಟಬೇಕು.
ಮೋಹಿನಿ ಅಂತ ಹೆಸರು ನನ್ನದು;
ಸಂಬಳದ ಹಾಳೆ ಬಿಟ್ಟರೆ
ಯಾರೂ ಹಾಗೆ ಕರೆಯುವುದಿಲ್ಲ.

ದೋಣಿ ತಿರುಗಿತು.
ನಡುಹೊಳೆಯಿಂದ ನೋಡಿದರೆ
ಆ ದಡದ ಶಾಲೆ, ಈ ದಡದ ಮನೆ
ಎರಡೂ ಒಂದು ಹೆಬ್ಬೆರಳಿಗೆ ಮರೆಯಾಗುತ್ತವೆ.
ಮರೆ ಮಾಡಿ ನೋಡಿದೆ. ಒಂದೊಂದಾಗಿ.
ಯಾರಾದರೂ ಕಂಡರೆ ಅಂತ ಕೈ ಇಳಿಸಿದೆ.

ಮೂರನೇ ಸಲ ದಾಟುವಾಗ ಎದೆ ಧಸಕ್ಕಂತು:
ಬೀಗದಕೈ! ಗೊಂಚಲು ನನ್ನ ಚೀಲದಲ್ಲೇ ಇದೆ,
ಮಕ್ಕಳು ಅಂಗಳದಲ್ಲಿ ನಿಂತಿರುತ್ತಾವೆ!
ಆಮೇಲೆ ನೆನಪಾಯಿತು,
ಇನ್ನೊಂದು ಕೈ ಅಡುಗೆಯ ಮಾದೇವಿಯ ಹತ್ತಿರ.
ಹೋದ ಶ್ರಾವಣದಲ್ಲಿ ನಾನೇ ಕೊಟ್ಟದ್ದು.
ಉಸಿರು ಬಿಟ್ಟೆ.
ಅದರ ಬೆನ್ನಿಗೇ ಇನ್ನೊಂದು ಬಂತು, ತುಸು ಕಹಿ:
ಹಾಗಾದರೆ ದಿನಾ ಓಡೋಡಿ
ನಾನು ತೆರೆಯುತ್ತಿದ್ದದ್ದು ಯಾವ ಬಾಗಿಲು?

ಡಬ್ಬಿಯ ಅವಲಕ್ಕಿ ತಿಂದು ಮುಗಿಸಿ
ಫೋನನ್ನು ಅದರೊಳಗಿಟ್ಟು ಮುಚ್ಚಿದೆ.
ಸಿಕ್ಕಿಬಿದ್ದ ದುಂಬಿಯ ಹಾಗೆ ಗುಂಯ್ಗುಟ್ಟಿತು,
ಸುಮ್ಮನಾಯಿತು, ಮತ್ತೆ ಗುಂಯ್ಗುಟ್ಟಿತು.

ಮಧ್ಯಾಹ್ನ ಇಳಿತ. ಸೊಂಟದ ನೀರಲ್ಲಿ ನಿಂತು
ಕಾಲಲ್ಲೇ ಬಳಚು ಹುಡುಕುವ ಹೆಂಗಸರು.
ಒಬ್ಬಳು ತಲೆಯೆತ್ತಿ ಕೂಗಿದಳು,
‘ಅಕ್ಕೋರೇ, ಇವತ್ತು ಶಾಲೆ ಇಲ್ವಾ?’

ಗುಲಾಬಿ.
ಒಂಬತ್ತರ ಮಗ್ಗಿಗೆ ಹೆದರಿ
ಐದನೇ ಇಯತ್ತೆಯಲ್ಲಿ ಇದೇ ಹೊಳೆಗೆ ಓಡಿಬಂದವಳು.
ಕೋಲು ಹಿಡಿದು ದಂಡೆಯುದ್ದಕ್ಕೂ ಹುಡುಕಿದ್ದೆ,
ಕಿವಿ ಹಿಡಿದು ಎಳೆದೊಯ್ದಿದ್ದೆ.
‘ಇದೆ’ ಅಂದೆ.

ಅವಳು ನಗಲಿಲ್ಲ, ಬೆರಗಾಗಲೂ ಇಲ್ಲ.
ದೋಣಿಯ ಅಂಚಿಗೆ ಬಂದು
ಎರಡು ಬೊಗಸೆ ಬಳಚು ನನ್ನ ಮಡಿಲಿಗೆ ಸುರಿದಳು.
ಸೀರೆ ಪೂರ್ತಿ ಕೆಸರು.
‘ಉಪ್ಪುನೀರಲ್ಲಿ ಇಡಿ, ಮಣ್ಣು ಬಿಡ್ತಾವೆ.’
ಕಲಿಸುವ ದನಿಯಲ್ಲಿ ಹೇಳಿದಳು.
ತಲೆಯಾಡಿಸಿದೆ.

ಆರನೇ ಸಲ ದೇವು ದುಡ್ಡು ಬೇಡ ಅಂದ.
ಅವನ ಅಂಗಿಯ ಕಿಸೆಗೇ ತುರುಕಿದೆ.
ಸುಮ್ಮನೆ ಕೂತದ್ದಕ್ಕೂ ಒಂದು ಲೆಕ್ಕ ಇರಲಿ.

ಮನೆಯಲ್ಲಿ ಎಲ್ಲ ಹಾಗೇ ಇತ್ತು,
ಸಿಟ್ಟು ಸಹ ತಟ್ಟೆ ಮುಚ್ಚಿ ಇಟ್ಟ ಹಾಗೆ, ಬೆಚ್ಚಗೆ.
ಹದಿನೇಳು ಫೋನು ಬಂದಿತ್ತಂತೆ. ಹೌದು, ಅಂದೆ.
ಆಯಿಯ ಕಾಲು ತೊಳೆದು ಬಟ್ಟೆ ಕಟ್ಟಿದೆ.
ಸೀರೆಯ ಕೆಸರು ನೋಡಿ ಅವಳು ಏನೋ ಕೇಳಹೊರಟು
ಕೇಳಲಿಲ್ಲ.

ರಾತ್ರಿ ಅಡುಗೆಮನೆಯ ಕತ್ತಲಲ್ಲಿ ಸಣ್ಣ ಸದ್ದು.
ಪಾತ್ರೆಯ ಉಪ್ಪುನೀರಲ್ಲಿ ಬಳಚು
ಒಂದೊಂದೇ ಬಾಯಿ ತೆರೆದು
ಒಳಗಿನ ಮರಳು ಉಗುಳುತ್ತಿದ್ದವು.
ದೀಪ ಹಾಕದೆ
ಬಹಳ ಹೊತ್ತು ಕೇಳುತ್ತ ನಿಂತೆ.