ಪಡುಕೆರೆಯ ಹಳೇ ಜೆಟ್ ಸ್ಕೀ

ಸ್ಟಾರ್ಟ್ ಆಗ್ತದೆ ಮಾರಾಯ, ಆಗುವುದಿಲ್ಲ ಅಂತಲ್ಲ.
ಅಲೆ ದಾಟಿ ನೂರು ಮಾರು ಹೋದ ಮೇಲೆ
ಗಂಟಲಲ್ಲಿ ಮುಳ್ಳು ಸಿಕ್ಕಿದ ಹಾಗೆ
ಕೆಮ್ಮಿ, ನಿಲ್ತದೆ.

ಪ್ಲಗ್ಗು ಹೊಸತು. ಕಾರ್ಬುರೇಟರಿನ ಜಾಲರಿಯಲ್ಲಿ
ಹಸಿರು ಲೋಳೆ; ಉಗುರಲ್ಲೇ ಕೆರೆದೆ.
ಹಳೇ ಪೈಪು ಒಳಗೊಳಗೇ ಕರಗಿತ್ತು, ಬದಲಿಸಿದೆ.
ಮತ್ತೆ ನೂರು ಮಾರು.
ಹಗ್ಗ ಕಟ್ಟಿ ಎಳೆದು ತಂದ ದೋಣಿಯ ಸುಕೇಶ
ನನ್ನ ಮುಖ ನೋಡಲಿಲ್ಲ. ಅದೇ ಅವನ ನಗೆ.

ಬಿಸಿಲಲ್ಲಿ ನಂಗು ಒಣಗಿಸುತ್ತಿದ್ದ ಜಲಜಕ್ಕ
ತಲೆಯೆತ್ತದೆ ಕೇಳಿದಳು:
"ಡಬ್ಬಕ್ಕೆ ಒಂದೇ ತೂತು ಹೊಡೆದರೆ
ಎಣ್ಣೆ ಬೀಳ್ತದಾ ಮಗಾ?"

ಟ್ಯಾಂಕಿನ ಮುಚ್ಚಳ ತಿರುಗಿಸಿದೆ. ಸುಸ್ಸ್—
ಒಳಕ್ಕೆ ಎಳೆದುಕೊಂಡಿತು, ಮುಳುಗಿ ಎದ್ದವನ ಹಾಗೆ.
ಗಾಳಿಯ ವಾಲ್ವಿನಲ್ಲಿ ಉಪ್ಪು, ಸಾಸಿವೆಯಷ್ಟು.

ಎಂಟು ದಿನದ ಕೆಲಸ. ಬಿಲ್ಲಿನಲ್ಲಿ
ಏನೆಂದು ಬರೆಯಲಿ ಈಗ,
ಗಾಳಿ ಅಂತಲಾ?