ಹತ್ತು ಅಂಕ

ಮೌಲ್ಯಮಾಪನದ ಮೂರನೇ ದಿನ. ಕಲಬುರಗಿಯ ಮೇ ತಿಂಗಳು
ಕೂಲರಿನೊಳಗಿನ ನೀರನ್ನೂ ಕುದಿಸುತ್ತಿತ್ತು.
ನನ್ನೆದುರು ನಲವತ್ತನೇ ಉತ್ತರಪತ್ರಿಕೆ.
ಹೆಸರಿಲ್ಲ, ಬಾರ್‌ಕೋಡ್ ಮಾತ್ರ.

ಪ್ರಶ್ನೆ ಆರು: ಯುದ್ಧ ಮುಗಿದು ಆರು ವರ್ಷಕ್ಕೆ,
ಹೆಚ್ಚು ಮತ ಪಡೆದೂ,
ಬ್ರಿಟನ್ನಿನ ಲೇಬರ್ ಸರ್ಕಾರ ಸೋತದ್ದೇಕೆ?

ಮೂವತ್ತೊಂಬತ್ತು ಜನ ಒಂದೇ ಗೈಡಿನಿಂದ ಸೋಲಿಸಿದ್ದರು:
ಪೌಂಡಿನ ಅಪಮೌಲ್ಯ, ಮನೆಗಳ ಕೊರತೆ,
ಮಂತ್ರಿಗಳ ಒಳಜಗಳ. ನಾನೂ
ಟಿಕ್ಕು ಹೊಡೆಯುತ್ತ ಸೋಲಿಸುತ್ತ ಬಂದಿದ್ದೆ.

ಈ ಹುಡುಗಿ
(ಅಕ್ಷರ ನೋಡಿ ಹುಡುಗಿ ಅಂದುಕೊಂಡೆ, ಹುಡುಗನೂ ಇರಬಹುದು)
ಬರೆದಿದ್ದಳು:

"ಸಕ್ಕರೆ, ಬೆಣ್ಣೆ, ಮಾಂಸ, ಚಹಾಪುಡಿ, ಎಲ್ಲಕ್ಕೂ ಚೀಟಿ.
ಯುದ್ಧ ಗೆದ್ದವರೂ ಪಾಳಿ ಹಚ್ಚಬೇಕಿತ್ತು.
ಪಾಳಿಯಲ್ಲಿ ಸರ್ಕಾರದ ಮುಖ ಕಾಣುವುದಿಲ್ಲ,
ಮುಂದಿನವರ ಬೆನ್ನು ಕಾಣುತ್ತದೆ.

ನಮ್ಮವ್ವ ಶಹಾಬಾದಿನಲ್ಲಿ ಫರಸಿ ಪಾಲೀಸ್ ಮಾಡುತ್ತಾಳೆ.
ಇಪ್ಪತ್ತು ವರ್ಷಕ್ಕೆ ಕಲ್ಲೂ ನುಣುಪು, ಹೆಬ್ಬೆಟ್ಟೂ ನುಣುಪು.
ರೇಷನ್ ಅಂಗಡಿಯ ಮಷೀನು ಅವಳನ್ನು ಅವಳಲ್ಲ ಅನ್ನುತ್ತದೆ.
ಎಣ್ಣಿ ಹಚ್ಚಿ ಒತ್ತು, ಸೆರಗಿಗೆ ಒರೆಸಿ ಒತ್ತು,
'ನಾಳಿಗಿ ಬಾರವ್ವ, ಸರ್ವರ್ ಇಲ್ಲ.'
ಅಕ್ಕಿ ಕೊಡುವ ಸರ್ಕಾರ ಒಳ್ಳೆಯದೇ.
ಅದಕ್ಕೆ ನಮ್ಮವ್ವನ ಗುರುತಿಲ್ಲ.
ಮತದ ಮಷೀನು ಗೆರೆ ಕೇಳುವುದಿಲ್ಲ.
ಆದ್ದರಿಂದ ಲೇಬರ್ ಪಕ್ಷ ಸೋತಿತು."

ಕೆಳಗೆ, ಈಗ ನೆನಪಾಯಿತೇನೋ ಎಂಬಂತೆ:
"ಅವರ ಮತಗಳು ಕಲ್ಲಿದ್ದಲ ಊರುಗಳಲ್ಲೇ ಒಟ್ಟಿಬಿದ್ದವು,
ಗಿರಾಕಿ ಬರದ ಖಣಿಯಲ್ಲಿ ಫರಸಿ ಬಿದ್ದಂತೆ."

ಗುರಲಿಂಗಪ್ಪ ಸರ್ ಕನ್ನಡಕ ಏರಿಸಿ ಓದಿದರು.
"ಕಡೀ ಸಾಲಿಗಿ ಎರಡು ಕೊಡ್ರಿ.
ಉಳಿದದ್ದು ಸ್ಕೀಮಿನ್ಯಾಗ ಇಲ್ಲ, ಮೇಡಂ.
ಅವ್ವನ ಸುದ್ದಿ ಬ್ರಿಟನ್ನಿಗಿ ಯಾಕ?"

ಏಳು ಹಾಕಿದೆ. ಹೊಡೆದೆ. ಆರು ಮಾಡಿ,
ಮತ್ತೆ ಏಳು ಮಾಡಿ, ಪಕ್ಕದಲ್ಲಿ ಸಹಿ ಹಾಕಿದೆ.
ಗೈಡಿನವರಿಗೆ ಎಂಟು, ಎಂಟೂವರೆ
ಕೊಟ್ಟವಳೂ ನಾನೇ.
ಮಶಾಕಸಾಬ್ ತಂದಿಟ್ಟ ಚಹಾ ಕೆನೆಗಟ್ಟಿತ್ತು.

ಐದಕ್ಕೆ ಹುಮನಾಬಾದ್ ಬಸ್ಸು. ಬಾಗಿಲ ಬಳಿ
ಹಾಜರಾತಿ ಪೆಟ್ಟಿಗೆಗೆ ಹೆಬ್ಬೆಟ್ಟು ಒತ್ತಿದೆ.
ಕೆಂಪು ಮಸಿ ಅಂಟಿತ್ತು, ಬೆವತಿತ್ತು.
ಒಂದೇ ಸಲಕ್ಕೆ ಹಸಿರು ದೀಪ.
ಧನ್ಯವಾದ, ಅಂದಿತು
ಒಳಗಿನ ಹೆಣ್ಣುದನಿ.